ಕಸದ ಗಂಟು

ಕನ್ನಡದಲ್ಲಿ ಗಂಟಿಗೆ ಬಹಳ ಮರ್ಯಾದೆಯಿದೆ. ದುಡ್ಡು ಕೂಡಿಸಿಟ್ಟರೆ ಅದು ಗಂಟು. ಮದುವೆಯಾದರೆ ಬ್ರಹ್ಮಗಂಟು. ಸಿಟ್ಟು ಬಂದರೆ ಮೋರೆಯೂ ಗಂಟು. ನನ್ನ ಹೊಟ್ಟೆಪಾಡು ನಡೆದಿರುವುದೂ ಗಂಟಿನ ಮೇಲೆಯೇ ಎನ್ನಬೇಕು. ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಕಾರಕೂನ. ಬೆಳಿಗ್ಗೆ ಫೈಲುಗಳ ಲಾಡಿಯ ಗಂಟು ಬಿಚ್ಚುವುದು, ಸಂಜೆ ಅದನ್ನು ಮತ್ತೆ ಬಿಗಿಯುವುದು. ನಡುವಿನ ಹೊತ್ತಿನಲ್ಲಿ ಆವಕ ದಪ್ತರದಲ್ಲಿ ಬಂದ ಕಾಗದವನ್ನು ಜಾವಕ ದಪ್ತರಕ್ಕೆ ದಾಟಿಸುವುದು. ಇಷ್ಟಕ್ಕೆ ನನ್ನ ಬಿ. ಎ. ಪದವಿ ಧಾರಾಳವಾಗಿ ಸಾಕಾಗಿದೆ. ಇಂಥ ನನಗೆ ಗಂಟಿನ ವಿಷಯದಲ್ಲಿಯೇ ಬುದ್ಧಿ ಹೇಳುವವರು ಸಿಕ್ಕರು. ಸಿಕ್ಕಿದ್ದು ಕಚೇರಿಯಲ್ಲಲ್ಲ, ಮನೆಯ ಬಾಗಿಲಲ್ಲಿ.

ನಮ್ಮದು ಸಿಂಹಗಡ ರಸ್ತೆಯ ಕಡೆಗೆ ಮೂರನೆಯ ಮಾಳಿಗೆಯ ಬಾಡಿಗೆ ಮನೆ. ನಾನು, ನನ್ನಾಕೆ, ನಾಲ್ಕನೆಯ ಇಯತ್ತೆಯ ಮಗಳು, ಗದಗಿನಿಂದ ಬಂದು ನಮ್ಮೊಡನಿರುವ ಅವ್ವ — ಇಷ್ಟೇ ಜನ. ಆದರೆ ನಾಲ್ಕು ಜನರ ಮನೆಗೆ ದಿನಕ್ಕೆ ಎಷ್ಟು ಆವಕ ನೋಡಿ! ಹಾಲಿನ ಚೀಲ ಎರಡು, ಎಣ್ಣೆಯ ಚೀಲ, ರವೆಯ ಚೀಲ, ಮೊಸರಿನ ಡಬ್ಬಿ, ಬಿಸ್ಕೀಟಿನ ಹೊದಿಕೆ, ಮಗಳ ಕುರುಕು ತಿಂಡಿಯ ಥಳಥಳಿಸುವ ಪಾಕೀಟು. ಇವು ಸಾಲದೆಂದು ವಾರಕ್ಕೊಮ್ಮೆ ರಟ್ಟಿನ ಪೆಟ್ಟಿಗೆಯೊಂದು ಬಾಗಿಲಿಗೆ ಬರುತ್ತದೆ. ಅದರೊಳಗೆ ಗಾಳಿ ತುಂಬಿದ ಚೀಲಗಳು, ಅವುಗಳ ನಡುವೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಕೂಸಿನ ಹಾಗೆ ಮಲಗಿರುವ ಒಂದು ಕಂಪಾಸು ಡಬ್ಬಿ. ನಾನು ಚಿಕ್ಕವನಿದ್ದಾಗ ಗದಗಿನ ಕಿರಾಣಿ ಅಂಗಡಿಯಿಂದ ಸಕ್ಕರೆ ಬರುತ್ತಿದ್ದದ್ದು ಕಾಗದದ ಪೊಟ್ಟಣದಲ್ಲಿ. ದಾರವನ್ನು ಅವ್ವ ಉಂಡೆ ಸುತ್ತಿಡುತ್ತಿದ್ದಳು; ಕಾಗದವನ್ನು ಅಪ್ಪ ಓದಿ ಮುಗಿಸಿದ ಮೇಲೆ ಒಲೆಗೆ ಹಾಕುತ್ತಿದ್ದಳು. ಅಲ್ಲಿಗೆ ಆ ಫೈಲು ಬಂದಾಯಿತು. ಈಗ ಹಾಗಲ್ಲ. ಆವಕವೆಲ್ಲ ಸಾಮಾನಿನ ಹೆಸರಿನಲ್ಲಿ, ಜಾವಕವೆಲ್ಲ ಕಸದ ಹೆಸರಿನಲ್ಲಿ.

ಈ ಜಾವಕದಲ್ಲಿ ನಮ್ಮ ಮನೆಯದೊಂದು ಪದ್ಧತಿಯಿತ್ತು. ಕಾಯಿಪಲ್ಲೆಯ ಸಿಪ್ಪೆ, ಉಳಿದ ಅನ್ನ, ತಲೆಗೂದಲು, ಹಾಲಿನ ಚೀಲ ಎಲ್ಲವನ್ನೂ ಒಂದೇ ಕೈಚೀಲದಲ್ಲಿ ತುರುಕುವುದು. "ಮಂದಿ ಕಣ್ಣಿಗೆ ನಮ್ಮನೀ ಹೊಲಸು ಬೀಳಬಾರದು" ಎಂದು ಅವ್ವ ಒಂದು ಗಂಟು ಹಾಕುವಳು. ನಾತ ಬರಬಾರದೆಂದು ನನ್ನಾಕೆ ಎರಡನೆಯದು. ಬಾಗಿಲಿಗಿಡುವ ಮುನ್ನ, ಕಚೇರಿಯಲ್ಲಿ ಪಳಗಿದ ಕೈಯಲ್ಲವೇ, ನಾನು ಮೂರನೆಯದನ್ನು ಬಿಗಿಯುತ್ತಿದ್ದೆ. ಇದನ್ನು ನಾವು ಶುಚಿತ್ವವೆಂದು ತಿಳಿದಿದ್ದೆವು.

ಕಾಯಿದೆ ಗೊತ್ತಿರಲಿಲ್ಲವೆಂದಲ್ಲ. 2016ರಲ್ಲಿ ಕೇಂದ್ರ ಸರಕಾರದ ನಿಯಮಗಳು ಬಂದಾಗ, ಹಸಿ ಕಸ ಬೇರೆ, ಒಣ ಕಸ ಬೇರೆ, ಮನೆಯ ಅಪಾಯಕಾರಿ ಕಸ ಬೇರೆ ಎಂದು ಪ್ರತಿಯೊಂದು ಮನೆಯೂ ಮೂರು ಪಾಲು ಮಾಡಿ ಕೊಡಬೇಕೆಂದು ವಿಧಿಸಿದವು. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನೂ ಥರ್ಮಾಕೋಲಿನ ತಟ್ಟೆ ಲೋಟಗಳನ್ನೂ ನಿಷೇಧಿಸಿತು. ಜೂನ್ 23ರಿಂದ ದಂಡ: ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿಯ ಜೊತೆಗೆ ಮೂರು ತಿಂಗಳ ಸೆರೆಮನೆ. ಆ ವಾರ ನನ್ನಾಕೆ ಟ್ರಂಕು ತೆಗೆದು ಹತ್ತು ವರ್ಷದ ಮದುವೆಗಳ ತಾಂಬೂಲದ ಚೀಲಗಳನ್ನು ಹೊರಕ್ಕೆ ಹಾಕಿದಳು. ನಾವು ಮಂಡಯಿಯಿಂದ ಬದನೆಕಾಯಿ ತರುತ್ತಿದ್ದದ್ದು ಹುಬ್ಬಳ್ಳಿಯ ಯಾರೋ ವಧೂವರರ ಹೆಸರು ಹೊತ್ತ ಚೀಲದಲ್ಲಿ. ಆಮೇಲೆ ಕೇಂದ್ರದ ನಿಯಮ ಬಂದಿತು. ಕೈಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಕಡಿಮೆಯಿರಕೂಡದು. ಒಂದೇ ಸಲ ಬಳಸಿ ಎಸೆಯುವ ಚಮಚ, ಲೋಟ, ತಟ್ಟೆ, ಕೊಳವೆಗಳಿಗೆ 2022ರ ಜುಲೈ 1ರಿಂದ ನಿಷೇಧ. ಈ ವಿಷಯದ ಸುತ್ತೋಲೆಯನ್ನು ನಮ್ಮ ಕಚೇರಿಯಲ್ಲಿ ಟೈಪು ಮಾಡಿ ಎಲ್ಲ ಶಾಖೆಗಳಿಗೂ ಹಂಚಿದವನು ನಾನೇ. ಮೈಕ್ರಾನುಗಳು ನನಗೆ ಬಾಯಿಪಾಠ. ನನ್ನ ಮನೆಯ ಚೀಲದಲ್ಲಿ ಏನಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅಲ್ಲವೇ ಮೂರು ಗಂಟು?

ಬಾಗಿಲಾಚೆ ಹೋದ ಕಸ ಎಲ್ಲಿಗೆ ಹೋಗುತ್ತದೆಂಬುದನ್ನೂ ನಾನು ತಿಳಿಯದವನಲ್ಲ. ನಾನು ಪುಣೆಗೆ ಬಂದ ಹೊಸತರಲ್ಲಿ, 2017ರ ಎಪ್ರಿಲ್ ತಿಂಗಳಲ್ಲಿ, ಊರ ಹೊರಗಿನ ಉರುಳಿ ದೇವಾಚಿ, ಫುರಸುಂಗಿ ಹಳ್ಳಿಗಳ ಬಳಿಯ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಿತು. ನಮ್ಮ ಬಾವಿಯ ನೀರು ಕೆಟ್ಟಿತು, ಗಾಳಿ ಕೆಟ್ಟಿತು ಎಂದು ವರ್ಷಗಟ್ಟಲೆ ದೂರುತ್ತಿದ್ದ ಆ ಊರವರು ಪುಣೆಯ ಕಸದ ಗಾಡಿಗಳನ್ನು ತಡೆದು ನಿಲ್ಲಿಸಿಬಿಟ್ಟರು. ಸುಮಾರು ಮೂರು ವಾರ ಗಾಡಿಗಳು ಹೋಗಲಿಲ್ಲ. ಬೇಸಗೆಯ ಬಿಸಿಲು ಬೇರೆ. ನಮ್ಮ ಓಣಿಯ ತಿರುವಿನಲ್ಲಿ ಮೂಗು ಮುಚ್ಚಿ ನಡೆಯುತ್ತ, "ಈ ಹಳ್ಳಿಯವರ ಹಟವೇ!" ಎಂದು ನಾನೂ ಗೊಣಗಿದ್ದುಂಟು. ನಾವು ಮೂರು ವಾರ ಮೂಗು ಮುಚ್ಚಿದೆವು. ಅವರು ಎಷ್ಟು ವರ್ಷ ಮುಚ್ಚಿದ್ದರೆಂಬ ಲೆಕ್ಕವನ್ನು ಆಗ ಮಾಡಲಿಲ್ಲ.

ಇರಲಿ. ನಮ್ಮ ಕಟ್ಟಡದ ಕಸ ಒಯ್ಯುವವಳು ಒಬ್ಬಳು ನಡುವಯಸ್ಸಿನ ಹೆಂಗಸು. ಮಗಳು ಅವಳನ್ನು ಮಾವಶಿ ಎನ್ನುತ್ತಾಳೆ. ನಮ್ಮ ಕಡೆಯಲ್ಲೂ ಮೌಶಿ ಎಂಬ ಮಾತಿರುವುದರಿಂದ ಮನೆಮಂದಿಗೆಲ್ಲ ಅವಳು ಮೌಶಿಯೇ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿಯೇ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘ ಕಟ್ಟಿಕೊಂಡರು. ಅದರಿಂದ ಹುಟ್ಟಿದ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆ 2008ರಲ್ಲಿ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತಲಾರಂಭಿಸಿತು. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. ಮನೆಯವರು ತಿಂಗಳಿಗಿಷ್ಟೆಂದು ಕೊಡುವ ಶುಲ್ಕ, ಮತ್ತು ಒಣ ಕಸದಲ್ಲಿ ಆಯ್ದು ಮಾರಿದ್ದರ ದುಡ್ಡು — ಇದೇ ಅವರ ಸಂಪಾದನೆ. ಹಸಿ ಕಸ ಪಾಲಿಕೆಯ ಗಾಡಿಗೆ ಹೋಗುತ್ತದೆ. ಎರಡೂ ಕಲೆತರೆ ಒಣದ್ದು ನೆನೆದು ಬೆಲೆಗೆಡುತ್ತದೆ, ಹಸಿಯದು ಗೊಬ್ಬರಕ್ಕೂ ಬಾರದು.

ಈ ಮೌಶಿಯ ಮೇಲೆ ನನ್ನಾಕೆಗೆ ಒಂದು ಸಂಶಯವಿತ್ತು. ಉಳಿದವರ ಬಾಗಿಲಲ್ಲಿ ಬಕೆಟ್ಟು ಎತ್ತಿ ನಡೆಯುವವಳು ನಮ್ಮ ಬಾಗಿಲಲ್ಲಿ ಮಾತ್ರ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. "ಈಕಿ ಯಾಕ ನಿಂದರ್ತಾಳ್ರಿ ಹಿಂಗ? ಒಳಗ ಏನೇನು ಅದ ಅಂತ ನೋಡ್ತಾಳೇನು?" ಎಂದು ಅವಳ ಎದುರಿಗೇ ನನ್ನನ್ನು ಕೇಳುವಳು. ಶುಲ್ಕ ಹತ್ತು ರೂಪಾಯಿ ಏರಿದಾಗ, "ಗಂಟು ಎತ್ತಿಕೊಂಡು ಹೋಗೂದಕ್ಕ ಇಷ್ಟು ರೊಕ್ಕ ಯಾಕ?" ಎಂದು ನಾನೂ ಅವಳ ಎದುರಿಗೇ ಅಂದಿದ್ದೆ. ಇದರಲ್ಲಿ ಸಂಕೋಚವೇನೂ ಇರಲಿಲ್ಲ. ಹೊರನಾಡಿನಲ್ಲಿರುವ ಕನ್ನಡಿಗರಾದ ನಮಗೆಲ್ಲ ಈ ಒಂದು ಸೌಕರ್ಯವುಂಟಷ್ಟೇ: ರಿಕ್ಷಾದವನ ಎದುರು, ಬಟ್ಟೆ ಅಂಗಡಿಯವನ ಎದುರು, ಮನೆಯ ಮಾಲಕನ ಎದುರು ನಿರ್ಭಯವಾಗಿ ಆಡಬಹುದಾದ ಗುಪ್ತಭಾಷೆ! ಪರವೂರಿನಲ್ಲಿ ಕನ್ನಡವನ್ನು ನಾವು ಇಷ್ಟು ಚೆನ್ನಾಗಿ ಉಳಿಸಿಕೊಂಡಿರುವುದಕ್ಕೆ ಭಾಷಾಭಿಮಾನದಷ್ಟೇ ಇದೂ ಕಾರಣವಿದ್ದೀತು.

ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ನನ್ನ ಕೈಯಿಂದ ಗಾಜಿನ ಲೋಟವೊಂದು ಜಾರಿ ಒಡೆಯಿತು. ಚೂರುಗಳನ್ನು ಗುಡಿಸಿ, ಆ ದಿನದ ಕಸದ ಚೀಲದಲ್ಲಿಯೇ ಸುರಿದು, ವಾಡಿಕೆಯಂತೆ ಬಿಗಿದು ಬಾಗಿಲಿಗಿಟ್ಟೆ. ಅದರ ಮರುದಿನ ಚೀಲ ಹೋಯಿತು. ಇನ್ನೊಂದು ಬೆಳಗಾದಾಗ ಮೌಶಿ ಬಲಗೈಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಬಂದು ನಿಂತಳು. ಅಂಗೈಯ ಬಳಿ ಚಿಂದಿ ಕೆಂಪಾಗಿತ್ತು.

"ಕಾಯ್ ಝಾಲಂ, ಮಾವಶಿ?" ಎಂದು ನನ್ನಾಕೆ ಕೇಳಿದಳು.

"ಕಾಚ" ಎಂದಳು ಅವಳು. ಗಾಜು.

ಒಳಗಿಂದ ಅವ್ವ ನನ್ನ ಮೋರೆ ನೋಡಿ, "ಏನೋ, ಮೊನ್ನೆ ಒಡದದ್ದು ಅದರಾಗ ಹಾಕಿದ್ದಿ ಅಲ್ಲೇನು?" ಎಂದಳು.

ನಾನು ಕನ್ನಡದಲ್ಲಿಯೇ ತಗ್ಗಿದ ದನಿಯಲ್ಲಿ, "ಸುಮ್ನಿರವ್ವಾ. ಇಪ್ಪತ್ತು ಮನೀ ಕಸ ಎತ್ತತಾಳ. ನಮ್ಮದ ಅಂತ ಆಕಿಗೇನು ಗೊತ್ತು?" ಎಂದೆ.

ಮೌಶಿ ತಲೆಯೆತ್ತಿ ನನ್ನ ಕಡೆಗೆ ನೋಡಿದಳು. "ಗೊತ್ತೈತ್ರಿ ಅಣ್ಣಾರ" ಎಂದಳು. "ಮೂರು ಗಂಟು ಹಾಕಾವ್ರು ಈ ಬಿಲ್ಡಿಂಗಿನ್ಯಾಗ ನೀವೊಬ್ರ."

ಕಚೇರಿಯಲ್ಲಿ ಸಾಹೇಬರ ಎದುರು ತಪ್ಪು ಸಿಕ್ಕಿಬಿದ್ದ ಅನುಭವ ನನಗಿದೆ. ಆದರೆ ಆ ಬೆಳಿಗ್ಗೆ ನಾಚಿದಂತೆ ನಾನು ಎಂದೂ ನಾಚಿದವನಲ್ಲ. ಗಾಜಿಗಿಂತಲೂ ಆ ಮಾತು ನನ್ನನ್ನು ಕೊರೆಯಿತು. ಎರಡು ವರ್ಷ ನಾವು ಆಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂದಿತು. ನನ್ನಾಕೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಅವ್ವನೇ ಮೊದಲು ಮಾತಾಡಿದಳು. "ಯಾವೂರವಾ ನಿಂದು?"

"ಅಕ್ಕಲಕೋಟಿ ಕಡೇರೀ ಯಕ್ಕಾ."

"ಮತ್ತ ಇಷ್ಟು ದಿನ ಕನ್ನಡ ಮಾತಾಡಲಿಲ್ಲಲ್ಲ?"

"ನೀವು ಮರಾಠ್ಯಾಗ ಮಾತಾಡಿಸಿದ್ರಿ, ನಾನೂ ಮರಾಠ್ಯಾಗ ಹೇಳ್ದೆ. ನೀವು ನೀವು ಮಾತಾಡೂದು ಕೇಳಾಕ ಛಂದ ಅನಸ್ತಿತ್ತು. ಅದಕ್ಕ ನಿಮ್ಮ ಬಾಗಲದಾಗ ಒಂದೀಟು ನಿಂದರತಿದ್ದೆ."

ಯಾರೂ ಏನೂ ಅನ್ನಲಿಲ್ಲ. ಅವ್ವ ಅವಳನ್ನು ಒಳಗೆ ಕೂಡ್ರಿಸಿ ಚಹಾ ಕೊಟ್ಟಳು. ನಾನು ಕಚೇರಿಗೆ ಅರ್ಧ ದಿನದ ರಜೆ ಹಾಕಿ ಅವಳನ್ನು ಹತ್ತಿರದ ಡಾಕ್ಟರರ ಬಳಿಗೆ ಕರೆದೊಯ್ದೆ. ಧನುರ್ವಾಯುವಿನ ಚುಚ್ಚುಮದ್ದು ಆಯಿತು, ಹೊಲಿಗೆ ಆಯಿತು. ನಾಲ್ಕು ದಿನ ಅವಳ ಬದಲಿಗೆ ಇನ್ನೊಬ್ಬಳು ಬಂದಳು. ಆ ನಾಲ್ಕು ದಿನದ ಗಳಿಕೆಯನ್ನು ನಾನು ಕೊಡಹೋದಾಗ, ಬೇಡವೆನ್ನುವಳೇನೋ ಎಂದುಕೊಂಡಿದ್ದೆ. ಅವಳು ಎಣಿಸಿ ತೆಗೆದುಕೊಂಡಳು. ಅದು ದಾನವಲ್ಲ, ನನ್ನ ಬಾಕಿ. ಅವಳಿಗೆ ಅದು ತಿಳಿದಿತ್ತು.

ಕೈ ಗುಣವಾದ ಮೇಲೆ ಒಂದು ರವಿವಾರ ನಾನು ಮಗಳನ್ನು ಕರೆದುಕೊಂಡು ಕೆಳಗೆ ಹೋಗಿ ಅವಳ ಕೆಲಸ ನೋಡಿದೆ. ಬಿಗಿದ ಗಂಟನ್ನು ಉಗುರಿನಿಂದ ಬಿಚ್ಚುವಷ್ಟು ಪುರಸೊತ್ತು ಅವಳಿಗಿರುವುದಿಲ್ಲ. ಚೀಲವನ್ನು ಹರಿದು ಒಳಗೆ ಕೈ ಹಾಕಲೇಬೇಕು. ಗಂಟಿನಾಚೆ ಅನ್ನವಿದೆಯೋ ಗಾಜಿದೆಯೋ ಎಂಬುದು ಕೈಗೇ ಮೊದಲು ತಿಳಿಯುತ್ತದೆ. ತೊಳೆದು ಕೊಟ್ಟ ಹಾಲಿನ ಚೀಲಕ್ಕೆ ಬೆಲೆಯುಂಟು, ರಟ್ಟಿಗೆ ಉಂಟು, ರದ್ದಿಗೆ ಉಂಟು, ಬಾಟಲಿಗೆ ಉಂಟು. ಹಾಲಿನ ಚೀಲದ ತುದಿಯನ್ನು ಪೂರ್ತಿ ಕತ್ತರಿಸಿ ಬೀಳಿಸಬಾರದಂತೆ, ಆ ಚಿಕ್ಕ ತುಂಡು ಯಾರ ಕೈಗೂ ಸಿಗುವುದಿಲ್ಲ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬಾಯಿಮಾತಿನಲ್ಲಿ ಹೇಳಿ ಕೈಗೆ ಕೊಡಬೇಕು. ಮಕ್ಕಳ ಮತ್ತು ಹೆಂಗಸರ ಬಳಕೆಯ ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಬೊಟ್ಟು ಇಡಬೇಕು. ಬೊಟ್ಟು ಕಂಡರೆ ಅವರು ಬಿಚ್ಚುವುದಿಲ್ಲ. ಇಷ್ಟೇ. ಇದಕ್ಕೆ ಬಿ. ಎ. ಬೇಕಾಗಿಲ್ಲ.

ಮಗಳು ಥಳಥಳಿಸುವ ತಿಂಡಿ ಪಾಕೀಟೊಂದನ್ನು ಎತ್ತಿ, "ಇದಕ್ಕೆಷ್ಟು ಕೊಡ್ತಾರ ಮೌಶಿ?" ಎಂದಳು.

"ಇದನ್ನ ಯಾರೂ ತಗೊಳ್ಳೂದಿಲ್ಲವಾ."

ಪ್ಲಾಸ್ಟಿಕ್ಕಿಗೆ ಬೆಳ್ಳಿಯಂಥ ತಗಡಿನ ಪದರ ಅಂಟಿಸಿದ ಆ ಹೊದಿಕೆಯನ್ನು ಬಿಡಿಸಲು ಬಾರದು. ಮೌಶಿಯ ಚೀಲದಲ್ಲಿ ಹೆಚ್ಚಾಗಿರುವುದು ಅದೇ, ಬೆಲೆಯಿಲ್ಲದ್ದೂ ಅದೇ. "ಹಂಗಾರ ಮಾಡೂದ್ಯಾಕ?" ಎಂದು ಮಗಳು ನನ್ನನ್ನು ಕೇಳಿದಳು. ತಯಾರಿಸಿದವರೇ ಇಂಥ ಹೊದಿಕೆಯನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ನಿಯಮಗಳಲ್ಲಿಯೇ ಬರೆದಿದೆ. 2018ರ ಮಹಾರಾಷ್ಟ್ರದ ಅಧಿಸೂಚನೆಯಲ್ಲಿ ಖಾಲಿ ಹಾಲಿನ ಚೀಲವನ್ನು ಕನಿಷ್ಠ ಎಂಟಾಣೆ ಕೊಟ್ಟು ಹಿಂದಕ್ಕೆ ಕೊಳ್ಳಬೇಕೆಂದೂ ಇತ್ತು. ಅಂಥ ಎಂಟಾಣೆ ನನ್ನ ಕೈಗೆ ಇಂದಿನವರೆಗೆ ಬಂದಿಲ್ಲ. ಪಾಲಿಕೆಯ ಇನ್‌ಸ್ಪೆಕ್ಟರು ಕೊತ್ತಂಬರಿ ಮಾರುವವಳ ಬುಟ್ಟಿಯವರೆಗೆ ಸಲೀಸಾಗಿ ತಲಪುತ್ತಾನೆ. ಪಾಕೀಟು ಮಾಡುವ ಕಾರಖಾನೆ ದೂರ. ಆ ದೂರವನ್ನು ದಿನವೂ ಮೌಶಿಯಂಥವರು ತಮ್ಮ ಕೈಯಿಂದ ತುಂಬಿಕೊಡುತ್ತಿದ್ದಾರೆ. ಇದನ್ನೆಲ್ಲ ಒಂಬತ್ತು ವರ್ಷದ ಹುಡುಗಿಗೆ ಹೇಳುವುದು ಹೇಗೆ? "ದೊಡ್ಡಾಕಿ ಆದಮ್ಯಾಲ ನೀನ ಕೇಳವಾ" ಎಂದೆ. ಮರುವಾರದಿಂದ ಅವಳು ಆ ತಿಂಡಿಯನ್ನು ಬಿಟ್ಟಳೆಂದು ಬರೆದರೆ ಸುಳ್ಳಾದೀತು. ವಾರಕ್ಕೊಂದಕ್ಕೆ ಇಳಿದಿದೆ, ಅಜ್ಜಿಯ ಚೂಡಾ ಡಬ್ಬಿ ಬೇಗ ಖಾಲಿಯಾಗುತ್ತಿದೆ.

ಈಗ ನಮ್ಮ ಬಾಗಿಲಲ್ಲಿ ಎರಡು ತೆರೆದ ಬಕೆಟ್ಟುಗಳಿವೆ. ಗಂಟಿಲ್ಲ. ಮೊದಮೊದಲು ಅವ್ವನಿಗೆ ಬೆತ್ತಲಾದಷ್ಟು ಸಂಕೋಚವಾಯಿತು. ಈಗ ಅವಳೂ ಮೌಶಿಯೂ ದಿನವೂ ಐದು ನಿಮಿಷ ಜೋಳದ ಧಾರಣೆ, ಮಳೆ, ಸೊಸೆಯಂದಿರು — ಈ ಮೂರು ವಿಷಯಗಳನ್ನು ಮುಗಿಸದೆ ಏಳುವುದಿಲ್ಲ. ನಷ್ಟವಾದದ್ದು ಒಂದೇ: ನಮ್ಮ ಗುಪ್ತಭಾಷೆ. ಇಂಗ್ಲಿಷಿನಲ್ಲಿ ಪಿಸುಗುಟ್ಟೋಣವೆಂದರೆ ಮಗಳಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ. ಹೀಗಾಗಿ ಯಾರ ಎದುರೂ ಹೇಳಲಾಗದ್ದನ್ನು ಹೇಳದೆ ಇರುವುದನ್ನು ನಾವು ಮನೆಯಲ್ಲಿ ಕಲಿಯುತ್ತಿದ್ದೇವೆ.

ಯುಗಾದಿಗೋ ರಾಜ್ಯೋತ್ಸವಕ್ಕೋ ನಾವೆಲ್ಲ ಕೂಡಿದಾಗ ಊಟದ ಕೊನೆಯಲ್ಲಿ ಒಂದು ರಾಶಿ ಏಳುತ್ತದೆ. ಅದನ್ನು ಯಾರೋ ದೊಡ್ಡ ಚೀಲಗಳಲ್ಲಿ ತುಂಬಿ ಗಂಟು ಹಾಕುತ್ತಾರೆ. ಮುಂದಿನ ಸಲ ಹಾಕುವ ಮುನ್ನ ಒಂದು ಮಾತು ನೆನೆಯೋಣ: ಅದನ್ನು ಬಿಚ್ಚುವವರು ಕನ್ನಡದವರಾಗಿದ್ದಾರು. ಆಗಿರದಿದ್ದರೂ, ಬೆರಳು ಬೆರಳೇ.