ತಿಮಿಂಗಿಲದ ವಾಂತಿ ಮತ್ತು ದೊಡ್ಡವ್ವನ ಬೋರಮಾಳ (ಭಾಗ 4)

ಹೋದ ಪೋಸ್ಟ್‌ಗೆ ನೀವು ಜಾಸ್ತಿ ಕೇಳಿದ್ದು ಒಂದೇ ಪ್ರಶ್ನೆ: "ತಿಮಿಂಗಿಲದ ವಾಂತಿಗೆ ಕೋಟಿ ರೂಪಾಯಿ ಅಂತಾರಲ್ಲ, ಖರೇನಾ?" ನಮ್ಮ ಗದಗಿನವರಿಗೆ ಸಮುದ್ರ ಅಂದ್ರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲಾ ಮುಟ್ಟೋ ತನಕ ಕಾಣದ ವಸ್ತು. ಆದ್ರೂ ಈ ಪ್ರಶ್ನೆ ನಮ್ಮ ಮನೀಗೇ ಬಂದಿತ್ತು.

ಮುಂಡರಗಿಯಲ್ಲಿರೋ ದೊಡ್ಡವ್ವನ ಮಗ ಒಂದು ರಾತ್ರಿ ಫೋನ್ ಮಾಡಿದ. "ತಂಗಿ, ನೀ ಬಿಕಾಂ ಓದಾಕತ್ತೀಯಲ್ಲ, ಒಂದು ಲೆಕ್ಕ ಹಾಕಿ ಹೇಳು. ಎರಡು ಕೆಜಿ ಮಾಲು ಐತಂತ. ಐವತ್ತು ಸಾವಿರ ಹಾಕಿದ್ರ ತಿಂಗಳೊಳಗ ಐದು ಲಕ್ಷ." ವಾಟ್ಸಾಪ್‌ನಲ್ಲಿ ಫೋಟೋನೂ ಬಂತು. ಬೂದು ಬಣ್ಣದ ಗಟ್ಟಿ, ಹಿತ್ತಲದಾಗ ಬಟ್ಟಿ ಒಗಿಯೋ ಕಲ್ಲಿನ ಚೂರು ಇದ್ದಂಗಿತ್ತು. ನಾನು ನಕ್ಕೆ. ಅವ ನಗಲಿಲ್ಲ. ದೊಡ್ಡವ್ವನ ಬೋರಮಾಳ ಗಿರವಿ ಇಡೋಕೆ ಮಾತಾಡಿ ಬಂದಿದ್ದ.

ಆ ರಾತ್ರಿ ಕೂತು ಓದಿದೆ. ಮೊದಲನೇದು, ಅದು ವಾಂತಿನೇ ಅಲ್ಲ. ಸ್ಪರ್ಮ್ ವೇಲ್ ಅನ್ನೋ ತಿಮಿಂಗಿಲ ಉಸಿರು ಹಿಡಿದು ಒಂದು ಕಿಲೋಮೀಟರ್‌ಗಿಂತ ಆಳಕ್ಕೂ ಇಳಿದು ಸ್ಕ್ವಿಡ್ ತಿನ್ನುತ್ತೆ. (ತಿಮಿಂಗಿಲ ಮೀನಲ್ಲ, ಭಾಗ 1 ಓದ್ರಿ!) ಸ್ಕ್ವಿಡ್‌ಗೆ ಗಿಳಿಯ ಕೊಕ್ಕಿನಂಥ ಗಟ್ಟಿ ಬಾಯಿ. ಅದು ಜೀರ್ಣ ಆಗಲ್ಲ, ಬಹುಪಾಲು ಕೊಕ್ಕುಗಳನ್ನ ತಿಮಿಂಗಿಲ ಕಾರಿಬಿಡುತ್ತೆ. ತಪ್ಪಿಸಿಕೊಂಡು ಕರುಳಿಗೆ ಇಳಿದವುಗಳ ಸುತ್ತ ಮೇಣದಂಥದ್ದು ಕಟ್ಟಿಕೊಳ್ಳುತ್ತೆ. ಅದೇ ಅಂಬರ್‌ಗ್ರಿಸ್. ಎಲ್ಲ ತಿಮಿಂಗಿಲದಲ್ಲೂ ಆಗಲ್ಲ. ಹೊರಗೆ ಬರೋದು ಬಹುಶಃ ಮಲದ ಜೊತೆ, ಇಲ್ಲಾ ಪ್ರಾಣಿ ಸತ್ತ ಮೇಲೆ. ಹೊಸದು ಕಪ್ಪಗೆ, ಗಬ್ಬು ನಾತ. ವರ್ಷಗಟ್ಟಲೆ ಉಪ್ಪುನೀರು, ಬಿಸಿಲಲ್ಲಿ ತೇಲಿ ಬೂದಾದ ಮೇಲೆ ಸುವಾಸನೆ. ಅತ್ತರಿನ ವಾಸನೆ ಹೆಚ್ಚು ಹೊತ್ತು ನಿಲ್ಲಲಿ ಅಂತ ಹಾಕ್ತಾರೆ. ಈಗ ಅದಕ್ಕೆ ಕೃತಕ ಬದಲಿನೂ ಇದೆ.

ಅಣ್ಣ ಕೇಳಿದ: "ತಾನಾಗೇ ದಂಡಿಗೆ ಬಂದು ಬಿದ್ದದ್ದು ಮಾರಿದ್ರ ತಿಮಿಂಗಿಲಕ್ಕ ಏನ್ ತ್ರಾಸು?"

ಪ್ರಶ್ನೆ ನ್ಯಾಯದ್ದೇ. ಆದ್ರೆ ಬೇಟೆ ನಡೀತಿದ್ದ ಕಾಲದಲ್ಲಿ ತಿಮಿಂಗಿಲ ಕೊಂದವರು ಅದರ ಕರುಳಲ್ಲೂ ಇದನ್ನ ಹುಡುಕ್ತಿದ್ದರು. ಆರಿಸಿದ್ದು ಯಾವುದು, ಸೀಳಿ ತೆಗೆದದ್ದು ಯಾವುದು ಅಂತ ಗಟ್ಟಿ ಮೇಲೆ ಬರೆದಿರಲ್ಲ. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅದನ್ನ ಇಟ್ಟುಕೊಳ್ಳೋದು, ಮಾರೋದು ಎರಡೂ ಅಪರಾಧ. 3ರಿಂದ 7 ವರ್ಷ ಜೈಲು. 2021ರಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಇದನ್ನ ಮಾರೋಕೆ ಹೋದವರನ್ನ ಹಿಡಿದಿದ್ದರು. ಮುರುಡೇಶ್ವರದ ಕಡೆ ಮೀನುಗಾರರೊಬ್ಬರಿಗೆ ದಂಡೆಯಲ್ಲಿ ಸಿಕ್ಕಾಗ ಅವರು ಸೀದಾ ಅರಣ್ಯ ಇಲಾಖೆಗೆ ಕೊಟ್ಟರು. ಸಮುದ್ರ ಗೊತ್ತಿದ್ದವರು ಹಂಗ ಮಾಡಿದ್ರು. ನಾವು ಕಪ್ಪತಗುಡ್ಡದ ಬುಡದಾಗ ಕೂತು ಪಾಲು ಲೆಕ್ಕ ಹಾಕಾಕತ್ತಿದ್ವಿ!

ಅಣ್ಣನಿಗೆ ನನ್ನ ಲೆಕ್ಕ ಇಷ್ಟೇ ಹೇಳಿದೆ: "ನಕಲಿ ಇದ್ರ ರೊಕ್ಕ ಹೋತು. ಅಸಲಿ ಇದ್ರ ನೀ ಹೋದಿ. ಲಾಭದ ಕಡೆ ಬರಿಯೋಕ ಏನೂ ಇಲ್ಲಣ್ಣ."

ಫೋನ್ ಇಟ್ಟುಬಿಟ್ಟ. ಎರಡು ದಿನ ಮೆಸೇಜಿಗೆ ಉತ್ತರ ಇಲ್ಲ. ಮೂರನೇ ದಿನ ವಾಯ್ಸ್ ನೋಟ್: ಬೋರಮಾಳ ಮನ್ಯಾಗ ಐತಿ, ಆದ್ರ ಅಡ್ವಾನ್ಸ್ ಅಂತ ಹತ್ತು ಸಾವಿರ ಮೊದಲೇ ಕೊಟ್ಟಾನ, ಆ ನಂಬರ್ ಈಗ ಸ್ವಿಚ್ ಆಫ್. ಪೊಲೀಸರ ಹತ್ರ ಹೋಗು ಅಂದೆ. "ಏನಂತ ಹೇಳಲಿ? ತಿಮಿಂಗಿಲದ ವಾಂತಿ ಕೊಳ್ಳಾಕ ಹೋಗಿದ್ದೆ ಅಂತನಾ?"

ಇದನ್ನ ಬರೀಲಾ ಅಂತ ಅವನನ್ನ ಕೇಳೇ ಬರದೀನಿ. ಹೆಸರು ಹಾಕಬ್ಯಾಡ ಅಂದಾನ. ದೊಡ್ಡವ್ವಗ ಇನ್ನೂ ಗೊತ್ತಿಲ್ಲ. ಪುಣ್ಯಕ್ಕ ಆಕಿ ಇನ್‌ಸ್ಟಾದಾಗ ಇಲ್ಲ.