ಮೇಟಿ ಕಂಬ ಮತ್ತು ಎಣ್ಣೆ ಹಡಗು

ನಾವು ಮೂವರು. ಒಬ್ಬ ಸಿಂಧನೂರಿನವ, ಒಬ್ಬ ಲಿಂಗಸುಗೂರಿನವ, ಒಬ್ಬ ಮಸ್ಕಿಯವ. ಸಮುದ್ರ ನೋಡಿದ್ದು ಒಂದೇ ಸಲ, ಸೆಕೆಂಡ್ ಇಯರ್ ಟ್ರಿಪ್‌ನಲ್ಲಿ, ಅದೂ ಅರ್ಧ ದಿನ. ಅಂಥವರು ಸೆಮಿನಾರಿಗೆ ತೇಲುವ ತೈಲ ಉತ್ಪಾದನಾ ಹಡಗುಗಳ ಮೂರಿಂಗ್ ಅಂತ ವಿಷಯ ತಗೊಂಡಾಗ ಹಾಸ್ಟೆಲ್ ಪೂರಾ ನಕ್ಕಿತು. "ಕಾಲುವೆ ನೀರೇ ಟೇಲ್ ಎಂಡಿಗೆ ಮುಟ್ಟಲ್ಲ, ನಿಮಗ್ಯಾಕ್ರೋ ಹಡಗು?"

ಕಾರಣ ಇತ್ತು. ನಮ್ಮಲ್ಲಿ ಮಸ್ಕಿಯವನಿಗೆ ಕಾಕಿನಾಡ ಕಡೆ ಇಂಥದ್ದೇ ಹಡಗಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಕೃಷ್ಣಾ-ಗೋದಾವರಿ ಆಳ ಸಮುದ್ರದಿಂದ ಒಎನ್‌ಜಿಸಿ 2024ರ ಜನವರಿಯಲ್ಲಿ ಎಣ್ಣೆ ತೆಗೆಯಲು ಶುರು ಮಾಡಿತು. ಆ ಹೆಸರಿನ ಕೃಷ್ಣೆ ನಮ್ಮ ಜಲದುರ್ಗವನ್ನು ಬಳಸಿಕೊಂಡೇ ಹೋಗುತ್ತಾಳೆ, ಅಷ್ಟು ಸಂಬಂಧ ಸಾಕಲ್ಲ!

ಈ ಹಡಗು ವರ್ಷಗಟ್ಟಲೆ ಒಂದೇ ಕಡೆ ನಿಲ್ಲಬೇಕು. ಸಮುದ್ರತಳದ ಬಾವಿಗಳಿಂದ ಪೈಪುಗಳು ಮೇಲೆ ಬಂದಿರುತ್ತವೆ, ಹಡಗು ಬಹಳ ಸರಿದರೆ ಅವು ಹರಿಯುತ್ತವೆ. ಹಾಗಂತ ಬಿಗಿಯಾಗಿ ಕಟ್ಟಿಹಾಕಿದರೂ ಕಷ್ಟ, ಗಾಳಿ ದಿಕ್ಕು ಬದಲಿಸಿ ಅಡ್ಡಕ್ಕೆ ಹೊಡೆದರೆ ಹೊರೆ ತಡೆಯಲಾಗದು. ಅದಕ್ಕೇ ಟರೆಟ್. ಮೂತಿಯ ಹತ್ತಿರ ಒಂದು ದೊಡ್ಡ ಉರುಳೆ. ಸರಪಳಿಗಳು ಅದರಿಂದ ತಳಕ್ಕೆ ಇಳಿದು ಲಂಗರು ಹಿಡಿದಿರುತ್ತವೆ. ಉರುಳೆ ತಿರುಗಲ್ಲ, ಅದರ ಸುತ್ತ ಹಡಗೇ ಗಾಳಿಗೆ ಮುಖ ಕೊಟ್ಟು ತಿರುಗುತ್ತೆ. ಎರಡು ದಿನ ಚಿತ್ರ ಬರೆದರೂ ನಮಗೆ ತಲೆಗೆ ಹತ್ತಲಿಲ್ಲ.

ರಜೆಗೆ ಮಸ್ಕಿಗೆ ಹೋದಾಗ ಅವನ ಅಜ್ಜ ಚಿತ್ರ ನೋಡಿ, "ಇದು ಮೇಟಿ ಅಲ್ಲೇನೋ?" ಅಂದರು. ಹೌದು! ಕಣದ ನಡುವೆ ಮೇಟಿ ಕಂಬ, ಸುತ್ತ ಎತ್ತು. ಹಗ್ಗ ಕಂಬಕ್ಕೆ ಸುತ್ತಿಕೊಳ್ಳದ ಹಾಗೆ ಸಡಿಲು ಕುಣಿಕೆ ಹಾಕಬೇಕಂತೆ. ಈಗ ಕಣವೂ ಇಲ್ಲ, ಮೇಟಿಯೂ ಇಲ್ಲ, ಮಷೀನ್ ಬಂದು ಹೊಲದಲ್ಲೇ ಕೆಲಸ ಮುಗಿಸುತ್ತೆ. ನಾವು ಮೂವರೂ ಮೇಟಿ ಕಂಡವರಲ್ಲ.

ಸರಪಳಿ ಹಿಡಿಯೋದು ಬರೀ ಲಂಗರಿನ ಬಲದಿಂದ ಅಲ್ಲ, ತನ್ನ ಭಾರದಿಂದಲೂ. ಹಡಗು ಸರಿದಷ್ಟೂ ಜೋಲುಬಿದ್ದ ಸರಪಳಿ ತಳದಿಂದ ಮೇಲೇಳುತ್ತೆ, ಆ ಭಾರವೇ ವಾಪಸ್ ಎಳೆಯುತ್ತೆ. ಆಳ ಜಾಸ್ತಿಯಾದರೆ ಸರಪಳಿಯ ಭಾರವೇ ಹಡಗಿಗೆ ಹೊರೆ, ಆಗ ನಡುವೆ ಪಾಲಿಯೆಸ್ಟರ್ ಹಗ್ಗ.

ಇಷ್ಟೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಅವ್ವ ಒಲೆಯ ಮುಂದಿನಿಂದಲೇ ಕೇಳಿದರು: "ಹಗ್ಗ ಹರದ್ರ?"

ಒಂದು ಹರಿದರೂ ಉಳಿದವು ತಡೆಯುವ ಹಾಗೆ ಲೆಕ್ಕ ಹಾಕಿರ್ತಾರೆ ಅಂದೆವು. ಸುಳ್ಳಲ್ಲ. ಆದರೆ 2011ರ ಫೆಬ್ರವರಿಯಲ್ಲಿ ಉತ್ತರ ಸಮುದ್ರದ ಬಿರುಗಾಳಿಗೆ ಗ್ರಿಫನ್ ಆಲ್ಫಾ ಹಡಗಿನ 10 ಸರಪಳಿಗಳಲ್ಲಿ 4 ತುಂಡಾಗಿದ್ದವು. ಹಡಗು ಅಲೆಗೆ ಅಡ್ಡ ತಿರುಗಿ ಜಾಗ ಬಿಟ್ಟು ಸರಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಸೆಮಿನಾರಿನಲ್ಲಿ ಅದಕ್ಕೆ ಮೂರು ಸ್ಲೈಡ್ ಇಟ್ಟೆವು. ಅವ್ವನ ಮುಂದೆ ಮಾತ್ರ ಬಾಯಿ ಬಿಟ್ಟಿಲ್ಲ.

ಅವನು ಜುಲೈನಲ್ಲಿ ಹೊರಡುತ್ತಾನೆ. ಅವ್ವ ಈಗಿಂದಲೇ ಟಿವಿಯಲ್ಲಿ ಆಂಧ್ರದ ಹವಾಮಾನ ನೋಡುತ್ತಾರಂತೆ.