ತವರಿಗೆ ಬಿದ್ದ ಬೀಗ

ನಮ್ಮ ಜನಪದ ಗರತಿಯರು ತವರನ್ನು ಹಾಡಿದಷ್ಟು ಅಕ್ಕರೆಯಿಂದ ಬೇರೆ ಯಾವುದನ್ನೂ ಹಾಡಿದಂತಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ತವರೆಂದರೆ ನೆರಳು, ತಂಪು, ಅಣ್ಣ ಬರುವ ದಾರಿ. ಅತ್ತೆಮನೆಯ ಕಾಠಿಣ್ಯವನ್ನು ಅಳೆಯುವುದಕ್ಕೂ ಆಕೆಗೆ ತವರೇ ಅಳತೆಗೋಲು. ಆ ತವರೇ ಸೆರೆಯಾದರೆ ಹೆಣ್ಣು ಯಾವ ಹಾಡನ್ನು ಹಾಡಬೇಕು? ಬಹುಕಾಲದಿಂದ ನನ್ನೊಳಗೆ ಮಲಗಿದ್ದ ಈ ಪ್ರಶ್ನೆಯನ್ನು ಎಬ್ಬಿಸಿದ್ದು ಫಿಲಿಪ್ಪೀನ್ಸ್ ದೇಶದ ಒಂದು ಚಲನಚಿತ್ರವೆಂದರೆ ಸಹೃದಯರಿಗೆ ವಿಚಿತ್ರವೆನಿಸಬಹುದು.

ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಕೆ ನನಗೆ ಆ ಚಿತ್ರವನ್ನು ತೋರಿಸಿದಳು. 'ಕಿಸಪ್‌ಮಾತಾ' ಅದರ ಹೆಸರು. ಕಣ್ಣು ಮಿಟುಕಿಸುವಷ್ಟರಲ್ಲಿ ಎಂದು ಅರ್ಥ. ಮೈಕ್ ಡಿ ಲಿಯಾನ್ ಎಂಬ ನಿರ್ದೇಶಕರು 1981ರಲ್ಲಿ ತೆಗೆದ ಚಿತ್ರ. ಮನಿಲಾದ ಒಂದು ಮನೆಯಲ್ಲಿ 1961ರಲ್ಲಿ ನಿಜವಾಗಿಯೂ ನಡೆದ ಕೊಲೆಗಳನ್ನು ಕುರಿತು ನಿಕ್ ಹ್ವಾಕಿನ್ ಎಂಬ ಹೆಸರಾಂತ ಲೇಖಕರು ಬರೆದ ವರದಿಯೇ ಅದಕ್ಕೆ ಆಧಾರ. ಅದರಲ್ಲಿ ದಾದೋಂಗ್ ಎಂಬ ನಿವೃತ್ತ ಪೊಲೀಸಿನವನಿದ್ದಾನೆ. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗುತ್ತೇನೆಂದಾಗ ಆತ ಬೇಡವೆನ್ನುವುದಿಲ್ಲ. ಆದರೆ ಮದುವೆಯಾದ ಮೇಲೆ ಗಂಡಹೆಂಡಿರನ್ನು ತನ್ನ ಸೂರಿನ ಕೆಳಗೇ ಇರಿಸಿಕೊಳ್ಳಲು ಹಠ ಹಿಡಿಯುತ್ತಾನೆ. ಮಗಳ ಮೇಲೆ ಅವನಿಗಿರುವುದು ತಂದೆಗಿರಬೇಕಾದ ಭಾವವಲ್ಲವೆಂಬುದು ನೋಡುನೋಡುತ್ತ ನಮಗೆ ತಿಳಿಯುತ್ತದೆ. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಮಾತು. ದಂಪತಿಗಳು ಆ ಮನೆಯಿಂದ ಬಿಡಿಸಿಕೊಂಡು ಹೊರಟಾಗ ಕಥೆ ಬಂದೂಕಿನಲ್ಲಿ ಮುಗಿಯುತ್ತದೆ.

ವಿಕ್ ಸಿಲಾಯನ್ ಎಂಬ ನಟರು ಆ ತಂದೆಯನ್ನು ಅಭಿನಯಿಸಿದ ಬಗೆಯಲ್ಲಿ ಅಬ್ಬರವಿಲ್ಲ. ಆತ ಊಟಕ್ಕೆ ಕೂತರೆ ಉಳಿದವರು ತಮ್ಮ ತಟ್ಟೆಯನ್ನಲ್ಲ, ಅವನ ಮುಖವನ್ನು ನೋಡುತ್ತಾರೆ. ಅಷ್ಟೇ ಸಾಕು. ಆ ಕಾಲಕ್ಕೆ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಮಾರ್ಕೋಸ್‌ನ ಸರ್ವಾಧಿಕಾರಕ್ಕೆ ಈ ಮನೆ ಒಂದು ರೂಪಕವೆಂದು ವಿಮರ್ಶಕರು ಹೇಳುತ್ತಾರೆ. ಇರಬಹುದು. ಆದರೆ ರೂಪಕವೆಂದು ಹೇಳಿದೊಡನೆ ನಿಜವಾದ ಅಪ್ಪ ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಾನೆಂಬುದು ನನ್ನ ಅಳಲು. ದೇಶವನ್ನಾಳುವ ದೊರೆ ಒಂದು ದಿನ ಪದಚ್ಯುತನಾಗುತ್ತಾನೆ. 1986ರಲ್ಲಿ ಮಾರ್ಕೋಸ್ ಆದ. ಮನೆಯ ದೊರೆಗೆ ಆ ಭಯವಿಲ್ಲ.

ಚಿತ್ರ ಮುಗಿದ ಮೇಲೆ ನನ್ನ ಮನಸ್ಸು ಮನಿಲಾದಲ್ಲಿ ನಿಲ್ಲಲಿಲ್ಲ, ಕಾಸರಗೋಡಿಗೆ ಹೋಯಿತು. ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಕಾಸರಗೋಡು ದೂರದ ಊರಲ್ಲ. 1953ರ ಅಕ್ಟೋಬರಿನಲ್ಲಿ ನಾವು ಆಂಧ್ರಕ್ಕೆ ಸೇರಿಹೋದೆವು, 1956ರ ನವೆಂಬರಿನಲ್ಲಿ ಅವರು ಕೇರಳಕ್ಕೆ. ಆ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಬರೆದರು. ಅದು ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು ಅನಂತರ ಪುಸ್ತಕವಾಯಿತು. ನಾದಿರಾಳ ತಂದೆ ಮಹಮ್ಮದ್ ಖಾನ್ ಹಣದ ವಿಷಯಕ್ಕೆ ಅಳಿಯ ರಶೀದನ ಮೇಲೆ ಮುನಿದು, ಮಗಳನ್ನು ನೆಪ ಹೇಳಿ ಮನೆಗೆ ಕರೆತರುತ್ತಾನೆ, ಮತ್ತೆ ಕಳಿಸುವುದಿಲ್ಲ. ಪರಸ್ಪರ ಒಲಿದಿದ್ದ ಗಂಡಹೆಂಡಿರ ನಡುವೆ ತಲಾಖ್ ಬರುವಂತೆ ಮಾಡುತ್ತಾನೆ. ಮುಂದೆ ಅವರಿಬ್ಬರೂ ಒಂದಾಗಬೇಕೆಂದರೆ ಆಕೆ ಪರಪುರುಷನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಅಡ್ಡ ಬರುತ್ತದೆ. ನಾದಿರಾ ಮಸೀದಿಯ ಕೊಳವನ್ನು ಆರಿಸಿಕೊಳ್ಳುತ್ತಾಳೆ. 2011ರ 'ಬ್ಯಾರಿ' ಚಿತ್ರ ಇದೇ ವಸ್ತುವಿನದು. ಅದು ಮರಾಠಿಯ 'ದೇವೂಳ್' ಜೊತೆಗೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡಿತು. ತಮ್ಮ ಕಥೆಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಲೇಖಕಿ ನ್ಯಾಯಾಲಯಕ್ಕೆ ಹೋದರು.

ಈ ಕಾದಂಬರಿಯನ್ನು ಓದಿದ ಹಲವರು ಕಟ್ಟಳೆಯ ಬಗ್ಗೆಯೇ ಮಾತನಾಡಿ, ಅದು ಒಂದು ಮತದವರ ಮನೆಯ ಮಾತೆಂಬಂತೆ ನಿಟ್ಟುಸಿರಿಟ್ಟು ಪುಸ್ತಕ ಮುಚ್ಚುವುದನ್ನು ಕಂಡಿದ್ದೇನೆ. ನನಗೆ ಹಾಗೆ ಮುಚ್ಚಲು ಬರುವುದಿಲ್ಲ. ಮಹಮ್ಮದ್ ಖಾನನನ್ನು ನಾನು ಬೆಳುಗುಪ್ಪದ ಕಡೆಯ ನಮ್ಮ ಮನೆಯ ಪಡಸಾಲೆಯಲ್ಲೇ ನೋಡಿದ್ದೇನೆ. ಆತ ನನ್ನ ತಾತ.

ತಾತ ಊರಿನಲ್ಲಿ ನ್ಯಾಯವಂತ. ಬರ ಬಂದಾಗ ನಮ್ಮ ಬಾವಿಯ ನೀರು ಎಲ್ಲ ಕೇರಿಗೂ ಹೋಗುತ್ತಿತ್ತು. ಶಾಲೆಯಲ್ಲಿ ತೆಲುಗು ಕಲಿಯುತ್ತಿದ್ದ ನನಗೆ ಅಂಗಳದ ಮರಳಿನಲ್ಲಿ ಬೆರಳು ಹಿಡಿದು ಕನ್ನಡದ ಅಕ್ಷರ ತಿದ್ದಿಸಿದವರು ಅವರೇ; ಇಂದು ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಬೆರಳಿನ ಋಣ. ಆದರೆ ಅವರ ಮೆಟ್ಟಿನ ಸದ್ದು ಬಾಗಿಲಲ್ಲಿ ಕೇಳಿದರೆ ಅಡುಗೆಮನೆಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮೂರು ಮಕ್ಕಳ ತಂದೆಯಾದ ಮೇಲೂ ನನ್ನಪ್ಪ ಅವರ ಕೈಯ ಬಾರುಕೋಲಿನ ಏಟು ತಿಂದದ್ದನ್ನು ನಾನು ಕಂಡಿದ್ದೇನೆ. ಏಟು ತಿಂದವರು ಅಳಲಿಲ್ಲ, ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದರು.

ಅತ್ತೆ, ಅಂದರೆ ಅಪ್ಪನ ತಂಗಿ, 1964ರ ಪಂಚಮಿಗೆ ತವರಿಗೆ ಬಂದರು. ಮದುವೆಯಾಗಿ ಎರಡು ವರ್ಷ. ಮಾವ ಬಾವಿ ತೋಡಿಸಲು ತಾತನಿಂದ ಆರುನೂರು ರೂಪಾಯಿ ಕೈಗಡ ತೆಗೆದುಕೊಂಡಿದ್ದರು. ಬಾವಿಗೆ ನೀರು ಬೀಳಲಿಲ್ಲ, ಆ ವರ್ಷದ ಶೇಂಗಾ ಕೂಡ ಒಣಗಿತು. ಪಂಚಮಿ ಕಳೆಯಿತು, ಗೌರಿ ಹಬ್ಬ ಕಳೆಯಿತು, ದಸರೆಯೂ ಆಯಿತು; ಅತ್ತೆಯ ಬುತ್ತಿ ಕಟ್ಟಿಸಲು ತಾತ ಅಪ್ಪಣೆ ಕೊಡಲಿಲ್ಲ. ಮಾವ ಎರಡು ಸಲ ಬಂದರು. ಎರಡನೆಯ ಸಲ ತಮ್ಮೂರಿನ ಹಿರಿಯರನ್ನೂ ಕರೆತಂದಿದ್ದರು. ಕಟ್ಟೆಯ ಮೇಲೆ ಕೂತು ತಾತ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಬಾಕಿ ತೀರಿಸ್ಲಿ, ಮಗಳನ್ನ ಕರ್ಕಂಡು ಹೋಗ್ಲಿ." ದನಿ ಎತ್ತರಿಸಲಿಲ್ಲ. ಬೇರೆಯವರ ಜಗಳಗಳನ್ನು ತೀರ್ಮಾನಿಸಲು ಅದೇ ಕಟ್ಟೆಯಲ್ಲಿ ಕೂರುತ್ತಿದ್ದವರಿಗೆ ಎದುರಾಡುವವರು ಇರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅತ್ತೆಯನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಮೂರನೆಯ ವರ್ಷಕ್ಕೆ ಮಾವ ಬೇರೆ ಮದುವೆಯಾದರೆಂಬ ಸುದ್ದಿ ಬಂತು.

ತಾತನ ಲೆಕ್ಕದ ಪುಸ್ತಕ ಈಗ ನನ್ನ ಬಳಿ ಇದೆ. ಚೆಂದದ ಕನ್ನಡ ಬರಹ. ಪ್ರತಿ ಯುಗಾದಿಗೂ ಹೊಸ ಹಾಳೆಯಲ್ಲಿ "ಅಳಿಯಂದಿರ ಬಾಕಿ" ಎಂದು ಬರೆದು, ಬಡ್ಡಿ ಸೇರಿಸಿ, ಮೊತ್ತವನ್ನು ಮುಂದಕ್ಕೆ ಒಯ್ದಿದ್ದಾರೆ. ಆ ಅಳಿಯನಿಗೆ ಬೇರೆ ಸಂಸಾರವಾಗಿ ಮಕ್ಕಳಾದ ಮೇಲೂ ಆ ಸಾಲು ನಿಂತಿಲ್ಲ. ಅತ್ತೆಯ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಕ್ರೂರಿಯಾದ ತಂದೆಯೆಂದರೆ ಕುಡಿದು ಬಂದು ಬಡಿಯುವವನೆಂದು ನಾವು ತಿಳಿಯುತ್ತೇವೆ. ಅಂಥವನನ್ನು ಊರು ಗುರುತಿಸುತ್ತದೆ, ಬೈಯುತ್ತದೆ, ಒಮ್ಮೊಮ್ಮೆ ತಡೆಯುತ್ತದೆ ಕೂಡ. ಕುಡಿಯದ, ಸುಳ್ಳಾಡದ, ಲೆಕ್ಕ ತಪ್ಪದ ತಂದೆಯನ್ನು ತಡೆಯುವವರಾರು? ಅವನಿಗೆ ತಾನು ಕ್ರೂರಿಯೆಂಬುದು ತಿಳಿಯುವುದೇ ಇಲ್ಲ. ಮಗಳು ತನ್ನವಳು, ಹಣ ತನ್ನದು, ಮಾನ ತನ್ನದು. ಇವು ಮೂರೂ ಅವನಿಗೆ ಒಂದೇ ತೂಕದ ವಸ್ತುಗಳು. ಗಿರೀಶ ಕಾರ್ನಾಡರು ಇಪ್ಪತ್ತರ ಹರೆಯದಲ್ಲಿ ಬರೆದ 'ಯಯಾತಿ'ಯಲ್ಲೂ ಮಗನ ಯೌವನವನ್ನು ಪಡೆಯುವ ತಂದೆ ಮೃದುವಾಗಿಯೇ ಮಾತನಾಡಬಲ್ಲವನು. ಅಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವವಳು ಹೊರಗಿನಿಂದ ಬಂದ ಸೊಸೆ ಚಿತ್ರಲೇಖೆ. ಮನೆಯಲ್ಲೇ ಹುಟ್ಟಿದವರಿಗೆ ಆ ಪ್ರಶ್ನೆ ನಾಲಿಗೆಗೆ ಬರುವುದಿಲ್ಲ.

ತಾತ ತೀರಿಕೊಂಡದ್ದು 1986ರಲ್ಲಿ. ಅದಕ್ಕೆ ಸ್ವಲ್ಪ ಮೊದಲೇ ಆಂಧ್ರಪ್ರದೇಶ ಹಿಂದೂ ವಾರಸಾ ಕಾಯಿದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. 1985ರ ಸೆಪ್ಟೆಂಬರ್ 5ರಿಂದ ಅದು ಜಾರಿ. ಕರ್ನಾಟಕಕ್ಕೆ ಅಂಥ ಕಾಯಿದೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಆಂಧ್ರಕ್ಕೆ ಸೇರಿದ್ದರಿಂದ ನಮಗಾದ ಲಾಭಗಳನ್ನು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು. ನಾನು ಆಸೆಯಿಂದ ಕಲ್ಯಾಣದುರ್ಗದ ವಕೀಲರೊಬ್ಬರ ಬಳಿ ಹೋಗಿ ವಿಚಾರಿಸಿದೆ. ಕಾಯಿದೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಆ ತಿದ್ದುಪಡಿ ಅನ್ವಯಿಸುವುದಿಲ್ಲವೆಂದರು. ಗಂಡನ ಮನೆಯಲ್ಲಿ ಎರಡು ವರ್ಷ ಬಾಳಿ, ತವರಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಅತ್ತೆ ಕಾಯಿದೆಯ ಕಣ್ಣಿಗೆ ಮದುವೆಯಾಗಿ ಹೋದವರು. ಹೊಲ ಮೂವರು ಗಂಡುಮಕ್ಕಳಿಗೆ ಹಂಚಿಹೋಯಿತು. ಅತ್ತೆಯ ಪಾಲಿಗೆ ಹಿತ್ತಿಲ ಕಡೆಯ ಕೋಣೆ ಬಂತು, ಅದೂ ಅಣ್ಣಂದಿರ ಔದಾರ್ಯದ ಲೆಕ್ಕದಲ್ಲಿ.

ಸಾರಾ ಅವರ ಬಾಳಿನಲ್ಲಿದ್ದ ತಂದೆಯ ಬಗೆಯೇ ಬೇರೆ. ವಕೀಲರಾಗಿದ್ದ ಅವರು, ಆ ಸಮಾಜದ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನೇ ಕಾಣದಿದ್ದ ಕಾಲದಲ್ಲಿ ಮಗಳನ್ನು ಓದಿಸಿದರು. ಮಹಮ್ಮದ್ ಖಾನನನ್ನು ಬರೆದದ್ದು ಅಂಥ ತಂದೆಯ ಮಗಳು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಖಾನನ ಮಗಳಿಗೆ ಅದನ್ನು ಬರೆಯಲು ಅಕ್ಷರ ಎಲ್ಲಿತ್ತು? ಮೊಮ್ಮಗನ ಬೆರಳು ಹಿಡಿದು ತಿದ್ದಿಸಿದ ನನ್ನ ತಾತನೂ ತನ್ನ ಮಗಳ ಬೆರಳು ಹಿಡಿದಿರಲಿಲ್ಲ.

ಅಕ್ಷರ ಬಾರದ ಅತ್ತೆಗೆ ಆ ಕಾದಂಬರಿಯನ್ನು ನಾನೇ ಓದಿ ಹೇಳಿದೆ. ತಾತ ಹೋದ ಮರುವರ್ಷದ ಮಳೆಗಾಲ. ಶೇಂಗಾ ಸುಲಿಯುತ್ತ ಅತ್ತೆ, ಲಾಟೀನಿನ ಪಕ್ಕದಲ್ಲಿ ನಾನು. ನಾಲ್ಕು ರಾತ್ರಿ ಹಿಡಿಯಿತು. ತಲಾಖಿನ ಪ್ರಸಂಗ ಬಂದಾಗ ಅವರ ಕೈ ನಿಲ್ಲಲಿಲ್ಲ. ನಾದಿರಾ ಕೊಳದ ಕಡೆಗೆ ನಡೆದಾಗಲೂ ಕಣ್ಣಲ್ಲಿ ನೀರು ಬರಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲೋ, ಅವರಪ್ಪ ಹಂಗೆ ಮಾಡೋವಾಗ ಅವರವ್ವ ಎಲ್ಲಿದ್ಲು?"

ಅವ್ವ ಮನೆಯಲ್ಲೇ ಇದ್ದಳೆಂದು ಹೇಳಿದೆ. ಅತ್ತೆ ತಲೆಯಾಡಿಸಿದರು. 'ಕಿಸಪ್‌ಮಾತಾ'ದ ತಾಯಿಯೂ ಮನೆಯಲ್ಲೇ ಇರುತ್ತಾಳೆ. 1964ರ ಆ ದಿನ ನಮ್ಮಜ್ಜಿ ಒಲೆಯ ಮುಂದೆ ಕೂತು, ಕಟ್ಟೆಯಲ್ಲಿ ಕೂತ ಹಿರಿಯರಿಗೆ ಮಜ್ಜಿಗೆ ಕಡೆಯುತ್ತಿದ್ದರು. ಅದನ್ನು ನಾನೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಆಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು, ಪಂಚಮಿಗೆ ಬಂದರು. ಬಂದವರನ್ನು ನಾಲ್ಕು ದಿನ ಹೆಚ್ಚು ಇರಿ ಎಂದು ಎಲ್ಲರೂ ಒತ್ತಾಯಿಸುವರು, ಅತ್ತೆಯೊಬ್ಬರನ್ನು ಬಿಟ್ಟು. ಹೊರಡುವ ದಿನವನ್ನು ಬಂದ ದಿನವೇ ಕೇಳಿ ಇಟ್ಟುಕೊಳ್ಳುವರು. ಆ ದಿನ ಬೆಳಗಿನ ಜಾವವೇ ಎದ್ದು, ತಮ್ಮ ಕೈಯಾರೆ ತಂಬಿಟ್ಟು, ಉಂಡೆ, ರೊಟ್ಟಿ ಕಟ್ಟಿ ಬುತ್ತಿಯನ್ನು ಬಾಗಿಲ ಬಳಿ ಇಟ್ಟು, ಹುಡುಗಿಯ ಅಪ್ಪ ಎದುರಿಗೇ ನಿಂತಿದ್ದರೂ ಅವನನ್ನು ನೋಡದೆ ಹುಡುಗಿಯನ್ನೇ ಕೇಳುವರು:

"ಬಸ್ಸು ಎಷ್ಟೊತ್ತಿಗವ್ವ?"